ಕೋಕಿಲಾಳ ಖಾಲಿ ಮಂಟಪ

ಚಾಮರಾಜಪೇಟೆಯಲ್ಲಿ ಹುಟ್ಟಿ ಬೆಳೆದ ಕೋಕಿಲಾ ಮದುವೆಯಾಗಿ ಬಂದದ್ದು ಬಸವನಗುಡಿಗೆ. ಬಸ್ಸು ಹತ್ತಿ ಟಿಕೆಟ್ ತೆಗೆದುಕೊಳ್ಳುವಷ್ಟರಲ್ಲಿ ಇಳಿಯುವ ಜಾಗ ಬಂದುಬಿಡುವಷ್ಟು ಹತ್ತಿರ. ಆದರೆ ದೇವರ ವಿಷಯದಲ್ಲಿ ಅದು ದೂರದ ಊರೇ. ತವರಿನವರು ಸ್ಮಾರ್ತರು. ಅಪ್ಪ ದಿನಾ ಬೆಳಿಗ್ಗೆ ಹಣೆತುಂಬ ವಿಭೂತಿ ಬಳಿದುಕೊಂಡು, ತಟ್ಟೆಯಲ್ಲಿ ಐದು ದೇವರನ್ನಿಟ್ಟು, ನಡುವೆ ಶಿವನನ್ನು ಕೂರಿಸಿ ಪೂಜೆ ಮಾಡುತ್ತಿದ್ದರು. ಗಂಡನ ಮನೆಯವರು ಮಾಧ್ವರು. ಅಲ್ಲಿ ನಾರಾಯಣನ ಮುಂದೆ ಇನ್ನೊಬ್ಬನಿಲ್ಲ. ಮದುವೆಯಾದ ವರ್ಷ ಆಷಾಢದ ಏಕಾದಶಿಯ ದಿನ ಅತ್ತೆ ಅವಳನ್ನು ಮಠಕ್ಕೆ ಕರೆದುಕೊಂಡು ಹೋಗಿ ಸ್ವಾಮಿಗಳಿಂದ ಮುದ್ರೆ ಹಾಕಿಸಿದರು. ಕಾದ ಲೋಹ ತಾಗಿ ತೋಳಿನ ಮೇಲೆ ಶಂಖಚಕ್ರ ಕೆಂಪಗೆ ಎದ್ದು ನಿಂತವು. "ಇನ್ನು ನೀನು ನಮ್ಮವಳು" ಅಂದರು ಅತ್ತೆ. ನಿನಗೆ ಯಾವ ದೇವರು ಬೇಕು ಅಂತ ಯಾರೂ ಕೇಳಲಿಲ್ಲ. ಅದು ಕೇಳುವಂಥ ಪ್ರಶ್ನೆ ಅಂತ ಅವಳಿಗೂ ಹೊಳೆದಿರಲಿಲ್ಲ.

ಗಂಡ ಬದರೀನಾರಾಯಣರು ಇನ್ಶೂರೆನ್ಸ್ ಕಚೇರಿಯಲ್ಲಿದ್ದರು. ಸೌಮ್ಯ ಮನುಷ್ಯ. ಆದರೆ ಪೂಜೆಯಲ್ಲಿ ಮಾತ್ರ ಒಂದು ಕೂದಲೆಳೆ ಹೆಚ್ಚುಕಡಿಮೆ ಆಗುವಂತಿರಲಿಲ್ಲ. ವಂಶಪಾರಂಪರ್ಯವಾಗಿ ಬಂದ ಸಾಲಿಗ್ರಾಮಗಳಿದ್ದ ಪುಟ್ಟ ಪೆಟ್ಟಿಗೆಯೊಂದು ಬೀಟೆಮರದ ಮಂಟಪದಲ್ಲಿತ್ತು. ಕೋಕಿಲಾ ಎದ್ದು, ಸ್ನಾನ ಮಾಡಿ, ಮಡಿಯುಟ್ಟು, ತುಳಸಿ ಕೊಯ್ದು, ಗಂಧ ತೇಯ್ದು, ಹೂವು ಬಿಡಿಸಿ, ನೈವೇದ್ಯಕ್ಕೆ ಅಡುಗೆ ಮಾಡಿಟ್ಟು, ಆಮೇಲೆ ಸೀರೆ ಬದಲಾಯಿಸಿ ಬಸ್ಸಿಗೆ ಓಡುತ್ತಿದ್ದಳು. ಅವಳೂ ಒಂದು ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್. ದೇವರಿಗೆ ಬೇಕಾದ್ದೆಲ್ಲವೂ ಅವಳ ಕೈಯಿಂದಲೇ ಆಗಬೇಕು, ದೇವರನ್ನು ಮಾತ್ರ ಮುಟ್ಟುವಂತಿಲ್ಲ. ಸಾಲಿಗ್ರಾಮ ಗಂಡಸರ ಕೆಲಸ. ಅದರ ಬಗ್ಗೆ ಅವಳಿಗೆ ಬೇಜಾರೂ ಇರಲಿಲ್ಲ. ಬೇಜಾರು ಮಾಡಿಕೊಳ್ಳಲು ಪುರುಸೊತ್ತೆಲ್ಲಿತ್ತು?

ಇಬ್ಬರೂ ನಿವೃತ್ತರಾದ ಮೇಲಿನ ಒಂದು ಚಳಿಗಾಲ, ಗಾಂಧಿ ಬಜಾರಿನಿಂದ ಅವರೆಕಾಯಿ ತಂದ ಬದರೀನಾರಾಯಣರು ಚೀಲ ಕೆಳಗಿಟ್ಟು, "ಸ್ವಲ್ಪ ನೀರು ಕೊಡು" ಅಂದು ಕುರ್ಚಿಯಲ್ಲಿ ಕೂತರು. ನೀರು ತರುವಷ್ಟರಲ್ಲಿ ಹೋಗಿಬಿಟ್ಟಿದ್ದರು.

ವೈಕುಂಠ ಸಮಾರಾಧನೆ ಮುಗಿದ ಸಾಯಂಕಾಲ ಮೈದುನ ಮಧುಸೂದನ್ ತಲೆ ತಗ್ಗಿಸಿಕೊಂಡು ಬಂದ. "ಅತ್ತಿಗೆ, ದೇವರ ಪೆಟ್ಟಿಗೆ ನಾನು ತಗೊಂಡು ಹೋಗ್ತೀನಿ. ಇಲ್ಲಿ ಮುಟ್ಟೋರು ಯಾರೂ ಇಲ್ವಲ್ಲ." ಅವನು ಹೇಳಿದ್ದರಲ್ಲಿ ತಪ್ಪೇನಿತ್ತು? ಒಬ್ಬಳೇ ಮಗಳು ಧೃತಿ ಮದುವೆಯಾಗಿ ಮಲ್ಲೇಶ್ವರದಲ್ಲಿದ್ದಳು. ಮಧು ಮಡಿಪಂಚೆ ಉಟ್ಟು ಪೆಟ್ಟಿಗೆ ಎತ್ತಿಕೊಂಡು, ಕುಮಾರ ಪಾರ್ಕಿನ ತನ್ನ ಮನೆಗೆ ಟ್ಯಾಕ್ಸಿಯಲ್ಲಿ ಹೊರಟುಹೋದ. ಮಂಟಪ ಖಾಲಿಯಾಯಿತು. ಪೆಟ್ಟಿಗೆ ಇದ್ದ ಕಡೆ ಮರದ ಬಣ್ಣ ಮಾತ್ರ ಸ್ವಲ್ಪ ತಿಳಿಯಾಗಿ ಉಳಿದಿತ್ತು.

ಗಂಡ ಹೋದ ದುಃಖ ಒಂದು ತೂಕ. ಅದನ್ನು ಹೊತ್ತುಕೊಂಡು ಕೂರಬಹುದು. ಆದರೆ ಇದು ಕೂರಲು ಬಿಡದ ಇನ್ನೇನೋ ಆಗಿತ್ತು. ಬೆಳಿಗ್ಗೆ ಕಣ್ಣು ಬಿಟ್ಟರೆ ಕೈಗೆ ಕೆಲಸವಿಲ್ಲ. ತುಳಸಿ ಕೊಯ್ಯುವಳು, ಕೊಯ್ದು ಎಲ್ಲಿಡುವುದು ಅಂತ ನಿಲ್ಲುವಳು. ಊಟದ ಮೇಜಿನ ಮೇಲೆ ಬೆರಳುಗಳು ತಮ್ಮಷ್ಟಕ್ಕೆ ತಾವೇ ಟೈಪ್ ಮಾಡುತ್ತಿದ್ದವು. ದೇವರ ಮನೆಯ ಬಾಗಿಲು ಹಾಕಿದರೆ ಉಸಿರು ಕಟ್ಟಿದಂತಾಗುತ್ತದೆ, ತೆಗೆದಿಟ್ಟರೆ ಆ ಖಾಲಿ ಮಂಟಪ ನೋಡಬೇಕು.

ಕೋಕಿಲಾ ತಿರುಗಲು ಶುರುಮಾಡಿದಳು. ಗುರುವಾರ ರಾಯರ ಮಠ, ಶನಿವಾರ ಕಾರಂಜಿ ಆಂಜನೇಯ, ಸೋಮವಾರ ಗವಿ ಗಂಗಾಧರೇಶ್ವರ. ಶಿವನ ಎದುರು ನಿಂತಾಗ ತೋಳಿನ ಮುದ್ರೆ ಕಾಣದಂತೆ ಸೆರಗು ಹೊದ್ದುಕೊಂಡಳು. ಯಾರು ನೋಡುತ್ತಾರೆ ಅಂತ ಹೊದ್ದುಕೊಂಡಳೋ, ಅವಳಿಗೇ ಗೊತ್ತಿರಲಿಲ್ಲ. ಎಲ್ಲಿ ಹೋದರೂ ಅಷ್ಟೇ. ಕೈಮುಗಿದು ಕಣ್ಣು ಮುಚ್ಚಿದ ಕೂಡಲೇ ಹೊರಗೆ ಬಿಟ್ಟ ಚಪ್ಪಲಿ ನೆನಪಾಗುತ್ತಿತ್ತು. ಮಂಗಳಾರತಿ ಮುಗಿಯುವ ಮುಂಚೆಯೇ ಇನ್ನೊಂದು ದೇವಸ್ಥಾನದ ಬಾಗಿಲು ಎಷ್ಟು ಹೊತ್ತಿಗೆ ಹಾಕುತ್ತಾರೆ ಅಂತ ಯೋಚನೆ.

"ಅಮ್ಮಾ, ನೀನು ದೇವಸ್ಥಾನಕ್ಕೆ ಹೋಗ್ತಿಲ್ಲ, ಓಡ್ತಿದೀಯ" ಅಂದಳು ಧೃತಿ. ಅವಳು ಫಿಸಿಯೋಥೆರಪಿಸ್ಟ್. ಜನರ ಮಂಡಿ, ಸೊಂಟ ನೋಡಿ ನೋಡಿ ಅವರ ಮನಸ್ಸೂ ಅರ್ಥವಾಗುತ್ತದೆ ಅಂತ ಅವಳ ನಂಬಿಕೆ. "ಮಲ್ಲೇಶ್ವರಕ್ಕೆ ಬಾ. ನಮ್ಮ ಕ್ಲಿನಿಕ್ ಮೇಲೆ ಒಂದು ಗುಂಪು ಸೇರತ್ತೆ. ಒಂದ್ಸಲ ಕೂತು ನೋಡು."

ಕೋಕಿಲಾ ಹೋದಳು. ಮಹಡಿಯ ಕೋಣೆಯಲ್ಲಿ ಚಾಪೆ ಹಾಸಿ ಹೆಂಗಸರು ಸುತ್ತಲೂ ಕೂತಿದ್ದರು. ನಡುವೆ ಒಂದು ಬಟ್ಟಲು ನೀರು, ಒಂದು ಮುಷ್ಟಿ ಮಣ್ಣು, ದೀಪ, ಒಂದು ಗರಿ. ಕೂದಲು ಕತ್ತರಿಸಿಕೊಂಡಿದ್ದ, ಬಿಳಿ ಬಟ್ಟೆಯ ಹೆಂಗಸೊಬ್ಬಳು ಗುಂಪನ್ನು ನಡೆಸುತ್ತಿದ್ದಳು. ದೇವರೆಂದರೆ ಶಕ್ತಿಗಳು, ಬೆಟ್ಟಕ್ಕೊಂದು, ನದಿಗೊಂದು, ಚಂದ್ರನಿಗೊಂದು. ಪ್ರಪಂಚದ ಎಲ್ಲ ಕಡೆ ಹಳೆಯ ಕಾಲದ ಜನ ತಮಗೆ ಬೇಕಾದ ಶಕ್ತಿಯನ್ನು ಆರಿಸಿಕೊಂಡು ಪೂಜಿಸುತ್ತಿದ್ದರು, ನಾವೂ ಆರಿಸಿಕೊಳ್ಳಬಹುದು ಅಂತ ಆಕೆ ಹೇಳಿದಳು. ಆಮೇಲೆ ದೇವತೆಗಳ ಚಿತ್ರವಿದ್ದ ಕಾರ್ಡುಗಳನ್ನು ಕವುಚಿ ಹರಡಿ, "ಒಂದು ತಗೊಳ್ಳಿ" ಅಂದಳು.

ಕೋಕಿಲಾ ಎತ್ತಿದ ಕಾರ್ಡಿನಲ್ಲಿ ಉರಿಯುವ ಒಲೆಯ ಪಕ್ಕ ಮುಸುಕು ಹಾಕಿಕೊಂಡು ನಿಂತ ಹೆಂಗಸಿದ್ದಳು. ಗ್ರೀಕರ ಒಲೆಯ ದೇವತೆಯಂತೆ.

"ಎಷ್ಟು ಚೆನ್ನಾಗಿದೆ! ಇದು ನಿಮಗೇ ಬಂದಿದೆ" ಅಂದಳು ಆಕೆ.

"ಒಲೆ ಮುಂದೇನೇ ಆಯಸ್ಸು ಕಳೆದಿದೀನಿ. ಇನ್ನೊಂದು ಒಲೆ ಬೇಡ" ಅಂದು ಕೋಕಿಲಾ ಕಾರ್ಡನ್ನು ಮೆಲ್ಲಗೆ ವಾಪಸ್ ಇಟ್ಟಳು. ಎಲ್ಲರೂ ನಕ್ಕರು. ಆ ಹೆಂಗಸೂ ನಕ್ಕಳು. ಆದರೆ ಹೊರಡುವಾಗ ಮೆಟ್ಟಿಲ ಹತ್ತಿರ ಬಂದು, "ತಪ್ಪು ತಿಳ್ಕೋಬೇಡಿ. ಹುಟ್ಟಿದ್ದಕ್ಕೆ ಬಂದ ದೇವರು, ಮದುವೆ ಆಗಿದ್ದಕ್ಕೆ ಬಂದ ದೇವರು, ಎರಡನ್ನೂ ಪಕ್ಕಕ್ಕಿಡಿ. ನಿಮಗೆ ಅಂತ ಯಾರಾದ್ರೂ ಇದಾರಾ?" ಅಂತ ಕೇಳಿದಳು.

ಕೋಕಿಲಾ ಮೆಟ್ಟಿಲಿಳಿದುಬಿಟ್ಟಳು. ಬಸ್ಸಿನಲ್ಲಿ ಮನೆಗೆ ಬರುವಷ್ಟು ಹೊತ್ತೂ ಸಿಟ್ಟು ಬಂತು. ಗುರುತುಪರಿಚಯವಿಲ್ಲದ ಹೆಂಗಸು ಅಷ್ಟು ಸಲೀಸಾಗಿ ಕೇಳಿಬಿಟ್ಟಳಲ್ಲ ಅಂತ ಸಿಟ್ಟು. ಅರವತ್ತು ದಾಟಿದ ತನಗೆ ಬಾಯಿ ಕಟ್ಟಿತಲ್ಲ ಅಂತ ಇನ್ನೂ ಹೆಚ್ಚು ಸಿಟ್ಟು.

ಆ ವಾರವೇ ಅವಳು ಯಾಕೋ ಚಾಮರಾಜಪೇಟೆಗೆ ಹೋದಳು. ತವರುಮನೆ ಯಾವಾಗಲೋ ಕೈಬಿಟ್ಟುಹೋಗಿ, ಅಲ್ಲಿ ಅಂಗಡಿಗಳೆದ್ದಿದ್ದವು. ಹಿಂದಿನ ಓಣಿಯಲ್ಲಿ ಮಾರಮ್ಮನ ಗುಡಿಯೊಂದಿತ್ತು. ಚಿಕ್ಕವಳಿದ್ದಾಗ ಅವಳಿಗೆ ಸಿಡುಬಿನಂಥ ಗುಳ್ಳೆಯೆದ್ದು ಮೈಯೆಲ್ಲ ಉರಿದಾಗ ಅಮ್ಮ, ಅಪ್ಪನ ಕಣ್ಣು ತಪ್ಪಿಸಿ, ಮೊಸರನ್ನ ತಗೊಂಡು ಆ ಗುಡಿಗೆ ಹೋಗಿ ಬಂದಿದ್ದಳು. ಬಂದವಳು ಬೇವಿನ ಸೊಪ್ಪಿನಿಂದ ಬೀಸುತ್ತಾ, "ಅವಳು ನೋಡ್ಕೊಳ್ತಾಳೆ ಬಿಡು" ಅಂದಿದ್ದಳು. ಗುಡಿ ಇನ್ನೂ ಇತ್ತು. ಮುಂಚೆ ಗೂಡಿನಷ್ಟಿದ್ದದ್ದು ಈಗ ಟೈಲ್ಸು, ಸ್ಟೀಲ್ ಕಂಬಿ ಹಾಕಿಸಿಕೊಂಡು ಅಗಲವಾಗಿತ್ತು. ಒಳಗೆ ಅರಿಶಿನ ಮೆತ್ತಿದ ಮುಖ, ಬೆಳ್ಳಿಯ ದೊಡ್ಡ ಕಣ್ಣು. ಕೋಕಿಲಾ ಆ ಕಣ್ಣುಗಳನ್ನು ನೋಡುತ್ತ ನಿಂತಳು. ರೆಪ್ಪೆಯೇ ಇಲ್ಲದ ಕಣ್ಣು. ಮುಚ್ಚುವುದು ಅಂತಲೇ ಇಲ್ಲ.

ಗುಡಿ ನೋಡಿಕೊಳ್ಳುವ ಪಿಳ್ಳಮ್ಮ ದಪ್ಪನೆಯ, ಬಿರುಸಿನ ಹೆಂಗಸು. ಸಾಲಿನಲ್ಲಿ ನಿಂತವರಿಗೆಲ್ಲ ಸರಸರ ಕುಂಕುಮ ಇಡುತ್ತ ಬಂದು ಕೋಕಿಲಾಳ ಹಣೆಗೂ ಹೆಬ್ಬೆಟ್ಟಿನಗಲ ಇಟ್ಟುಬಿಟ್ಟಳು.

ಕೋಕಿಲಾ ಬೆಚ್ಚಿದಳು. "ಅಯ್ಯೋ, ನಮ್ಮೋರು ಇಲ್ಲಮ್ಮ, ಹೋಗ್ಬಿಟ್ರು."

"ನಮ್ಮೋರೂ ಇಲ್ಲ. ಈಚೆ ಬನ್ರಮ್ಮ, ಹಿಂದೆ ಜನ ನಿಂತವ್ರೆ" ಅಂದು ಪಿಳ್ಳಮ್ಮ ಮುಂದಕ್ಕೆ ಹೋದಳು.

ಪಕ್ಕಕ್ಕೆ ಬಂದು ಕೋಕಿಲಾ ಕಂಬಿ ಹಿಡಿದುಕೊಂಡಳು. ಹಣೆ ತಣ್ಣಗಿತ್ತು. ಸ್ವಲ್ಪ ಹೊತ್ತಾದ ಮೇಲೆ ಅವಳಿಗೆ ಚಪ್ಪಲಿಯ ನೆನಪಾಗಿರಲಿಲ್ಲ ಅನ್ನುವುದು ನೆನಪಾಯಿತು.

ಅಲ್ಲಿಂದ ಮಂಗಳವಾರ ತಪ್ಪದೆ ಹೋಗತೊಡಗಿದಳು. ಅಂಬಲಿ ಕಾಯಿಸುವಾಗ ಪಿಳ್ಳಮ್ಮ ಅವಳ ಕೈಗೆ ಸೌಟು ಕೊಟ್ಟಳು. "ತಳ ಹಿಡೀಬಾರದು, ತಿರುವ್ತಾ ಇರಿ." ಯಾವ ಜಾತಿ, ಯಾವ ಮಠ ಅಂತ ಯಾರೂ ಕೇಳಲಿಲ್ಲ. ಕೇಳಲಿಲ್ಲವಲ್ಲ ಅಂತಲೇ ಅವಳಿಗೆ ಒಂದು ಬಗೆಯ ದಿಗಿಲು. ತಾನು ಕದ್ದು ಬರುತ್ತಿದ್ದೇನೆ ಅನಿಸುತ್ತಿತ್ತು. ಯಾರಿಂದ ಕದ್ದು? ಒಂದು ದಿನ ಚಿಕ್ಕಪೇಟೆಗೆ ಹೋಗಿ ಅಮ್ಮನವರ ಹಿತ್ತಾಳೆ ಮುಖವಾಡ ತಂದು, ಕಳಸಕ್ಕೆ ಕಟ್ಟಿ, ಬೇವಿನ ಸೊಪ್ಪು ಸಿಕ್ಕಿಸಿ, ಬೀಟೆಮರದ ಮಂಟಪದಲ್ಲಿ ಇಟ್ಟಳು. ತನ್ನ ಕೈಯಿಂದ ತಾನೇ ಮುಟ್ಟಿ, ತಾನೇ ಇಟ್ಟದ್ದು. ಇಟ್ಟ ಮೇಲೆ ಕಿಟಕಿಯ ಪರದೆ ಎಳೆದಳು.

ಆದರೆ ದೇವತೆಯನ್ನು ಆರಿಸಿಕೊಂಡರೆ ಅವಳ ಊಟವನ್ನು ಬಿಟ್ಟು ಆರಿಸಿಕೊಳ್ಳಲು ಬರುವುದಿಲ್ಲ. ಗುಡಿಯ ಹಬ್ಬದ ದಿನ ಕೋಕಿಲಾ ಮೊಸರನ್ನದ ಪಾತ್ರೆ ಹಿಡಿದು ಓಣಿಗೆ ತಿರುಗಿದಳು. ಮೂಲೆಯ ಮನೆಯವರು ಗುಡಿಯ ಕಡೆಗೆ ಕೈಮುಗಿದು, ಹರಕೆಯ ಹುಂಜವನ್ನು ತಮ್ಮ ಬಾಗಿಲ ಮುಂದೆಯೇ ಕೊಯ್ದಿದ್ದರು. ಒಬ್ಬಳು ಬಕೆಟ್ಟಿನಿಂದ ನೀರು ಹೊಯ್ಯುತ್ತಿದ್ದಳು. ಕೆಂಪು ನೀರು ಕೋಕಿಲಾಳ ಕಾಲ ಹತ್ತಿರ ಹರಿದು ಮೋರಿಗೆ ಇಳಿಯಿತು. ಅವಳು ಕಾಲು ಹಿಂದಕ್ಕೆಳೆದುಕೊಂಡಳು. ಮೊಸರನ್ನವನ್ನು ಹಾಗೇ ಹಿಡಿದು ತಿರುಗಿ ನಡೆದಳು, ಬಸ್ಸಿಗೂ ಕಾಯದೆ ಮನೆಯವರೆಗೂ ನಡೆದಳು. ಬಂದವಳೇ ಸ್ನಾನ ಮಾಡಿ, ಒಗೆದ ಟವೆಲ್ಲೊಂದನ್ನು ಮುಖವಾಡದ ಮೇಲೆ ಹೊದಿಸಿದಳು. ಆ ಮಂಗಳವಾರ ಹೋಗಲಿಲ್ಲ, ಮುಂದಿನದಕ್ಕೂ ಹೋಗಲಿಲ್ಲ. ರಾಯರ ಮಠಕ್ಕೂ ಹೋಗಲಿಲ್ಲ. ಮನೆಯೊಳಗೇ ಕೋಣೆಯಿಂದ ಕೋಣೆಗೆ ತಿರುಗಿದಳು.

ಹೀಗಿರುವಾಗ ಒಂದು ಬೆಳಿಗ್ಗೆ ಮಧುಸೂದನ್ ಬಂದ. ಅಣ್ಣನ ವರ್ಷದ ತಿಥಿಗೆ ಪುರೋಹಿತರನ್ನು ಗೊತ್ತು ಮಾಡಬೇಕಿತ್ತು. ಮಾತಾಡುತ್ತಾ ದೇವರ ಮನೆ ಕಡೆ ನೋಡಿದವನು ಎದ್ದು ಹೋಗಿ ಟವೆಲ್ ಸರಿಸಿದ. ಬೇವಿನ ಸೊಪ್ಪು ಒಣಗಿ ಮುರುಟಿತ್ತು.

"ಏನತ್ತಿಗೆ ಇದು?"

"ಮಾರಮ್ಮ."

"ಅದು ಕಾಣ್ತಿದೆ. ಇಲ್ಲಿ ಯಾಕೆ? ಅಣ್ಣ ಕೂತು ಪೂಜೆ ಮಾಡ್ತಿದ್ದ ಜಾಗ ಇದು. ಇಲ್ಲಿ ಕೋಳಿ ತಿನ್ನೋ ದೇವತೇನಾ? ನಮ್ಮ ದೇವರು ನಿಮಗೇನು ಕಮ್ಮಿ ಮಾಡಿದ್ದ?"

ಕೋಳಿ ಅನ್ನುವ ಮಾತು ಕೋಕಿಲಾಗೆ ಚುರುಕ್ಕೆಂದಿತು. ತಾನೇ ಹೆದರಿ ಓಡಿ ಬಂದವಳು, ಇವನಿಗೆ ಏನು ಹೇಳುವುದು? ಆದರೆ ಬಾಯಿಂದ ಬೇರೆಯದೇ ಪ್ರಶ್ನೆ ಬಂತು.

"ನಮ್ಮ ದೇವರು ಈಗೆಲ್ಲಿದಾನೆ ಮಧು?"

"ನಮ್ಮನೇಲಿ."

"ಪೂಜೆ ಆಗ್ತಿದೆಯಾ?"

"ಟೈಮ್ ಸಿಕ್ಕಾಗ..."

"ಕೊನೇ ಸಲ ಯಾವಾಗ ಸಿಕ್ತು?"

ಮಧು ಟವೆಲ್ ಮಡಚತೊಡಗಿದ. ಕೋಕಿಲಾ ಚಪ್ಪಲಿ ಮೆಟ್ಟಿಕೊಂಡಳು. "ನಡಿ, ನಾನು ನೋಡ್ಬೇಕು."

ಕುಮಾರ ಪಾರ್ಕಿನ ಮನೆಯಲ್ಲಿ ಆ ಹೊತ್ತಿಗೆ ಬೇರೆ ಯಾರೂ ಇರಲಿಲ್ಲ. ಮಧು ಮಲಗುವ ಕೋಣೆಗೆ ಹೋಗಿ ಬೀರುವಿನ ಮುಂದೆ ನಿಂತ. ಬೀರುವಿನ ಮೇಲೆ ಎರಡು ಸೂಟ್‌ಕೇಸುಗಳ ನಡುವೆ ಪೆಟ್ಟಿಗೆ ಇತ್ತು.

"ಪೈಂಟಿಂಗ್ ಮಾಡಿಸುವಾಗ ಇಟ್ಟಿದ್ದು ಅತ್ತಿಗೆ. ಆಮೇಲೆ ಇಳಿಸ್ಲೇ ಇಲ್ಲ." ಅವನೇ ಮುಂದುವರಿಸಿದ. "ನಿಜ ಹೇಳ್ತೀನಿ. ನನಗೆ ಭಯ. ಅಣ್ಣನ ಹಾಗೆ ಮಂತ್ರ ಬರಲ್ಲ. ಏನೋ ಹೆಚ್ಚುಕಡಿಮೆ ಆದ್ರೆ ಮನೇಗೆ ಕೆಟ್ಟದಾಗತ್ತೆ ಅಂತಾರೆ. ಯಾರ ಹತ್ರಾನೂ ಹೇಳಕ್ಕೆ ಆಗ್ಲಿಲ್ಲ."

ಅವನ ಮುಖ ನೋಡಿ ಕೋಕಿಲಾಳ ಸಿಟ್ಟು ಅರ್ಧಕ್ಕರ್ಧ ಇಳಿಯಿತು. ಬೈಯಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಎಲ್ಲಿಗೋ ಹೋದವು. ಕೈಕಾಲು ತೊಳೆದು ಬಂದಳು. ಸ್ಟೂಲ್ ಹಾಕಿಸಿ ಪೆಟ್ಟಿಗೆ ಇಳಿಸಿಕೊಂಡು ಅಡುಗೆಮನೆಯಲ್ಲಿ ಮಣೆ ಮೇಲಿಟ್ಟಳು. ಮುಚ್ಚಳ ತೆಗೆದಾಗ ಒಣತುಳಸಿಯ ವಾಸನೆ ಬಂತು. ಎಲೆಗಳು ಕರಿಯಾಗಿ ಕಲ್ಲಿಗೆ ಅಂಟಿಕೊಂಡಿದ್ದವು.

"ಅತ್ತಿಗೆ, ನೀವು ಮುಟ್ಟೋ ಹಾಗಿಲ್ಲ" ಅಂದ ಮಧು. ದನಿಯಲ್ಲಿ ಜೋರಿರಲಿಲ್ಲ.

"ನೀನು ಮುಟ್ಟು ಹಾಗಾದ್ರೆ."

ಮಧು ಅಲ್ಲಾಡಲಿಲ್ಲ. ಕೋಕಿಲಾ ದೊಡ್ಡ ಸಾಲಿಗ್ರಾಮವನ್ನು ಕೈಗೆತ್ತಿಕೊಂಡಳು. ಮದುವೆಯಾದ ಮರುದಿನದಿಂದ ಈ ದೇವರಿಗೆ ಅಡುಗೆ ಮಾಡಿದ್ದಳು, ಹೂವು ಕಟ್ಟಿದ್ದಳು, ಜ್ವರ ಬಂದ ದಿನಗಳಲ್ಲೂ ಗಂಧ ತೇಯ್ದಿದ್ದಳು. ಮುಟ್ಟಿದ್ದು ಇದೇ ಮೊದಲು. ಅಂದುಕೊಂಡದ್ದಕ್ಕಿಂತ ಭಾರವಿತ್ತು. ನುಣ್ಣಗಿತ್ತು. ಸಿಡಿಲು ಬಡಿಯಲಿಲ್ಲ, ಕಣ್ಣೀರೂ ಬರಲಿಲ್ಲ. ಏನಾದರೂ ಅನಿಸಲಿ ಅಂತ ಅವಳು ಕಾದಳು. ಕೈಯಲ್ಲಿದ್ದ ಕಲ್ಲನ್ನು ನೋಡುತ್ತಾ ಬಾಯಲ್ಲಿ ಬಂದದ್ದು ಒಂದೇ ಮಾತು.

"ಊಟ ಆಯ್ತಾ?"

ಮಧು ಗಾಬರಿಯಿಂದ ನೋಡಿದ. ಕೋಕಿಲಾ ಕಲ್ಲುಗಳನ್ನು ಒಂದೊಂದಾಗಿ ತೊಳೆದು, ಒರೆಸಿ, ಮಣೆ ಮೇಲೆ ಸಾಲಾಗಿ ಇಟ್ಟಳು. ಅನ್ನಕ್ಕಿಟ್ಟಳು, ಹೆಸರುಬೇಳೆ ತೊವ್ವೆ ಮಾಡಿದಳು. ನೈವೇದ್ಯದ ಹೊತ್ತಿಗೆ ಮಧು ಪಂಚೆ ಉಟ್ಟುಕೊಂಡು ಬಂದು ಕೂತ. ಮಂತ್ರ ಅವಳು ಹೇಳಿಕೊಟ್ಟಳು. ಒಲೆಯ ಮುಂದೆ ನಿಂತು ಇಷ್ಟು ವರ್ಷ ಕೇಳಿಸಿಕೊಂಡ ಮಂತ್ರ, ಎಲ್ಲೂ ತಡವರಿಸದೆ ಬಂತು. ಮಧು ಅವಳ ಹಿಂದೆ ಒಂದೊಂದೇ ಪದವಾಗಿ ಹೇಳಿದ.

"ನೀವೇ ತಗೊಂಡು ಹೋಗಿ ಅತ್ತಿಗೆ. ಯಾರು ಏನಂದ್ರೂ ನಾನು ನೋಡ್ಕೊತೀನಿ" ಅಂದ ಎಲ್ಲ ಮುಗಿದ ಮೇಲೆ.

ಹೂಂ ಅನ್ನಬೇಕೆಂದು ಕೋಕಿಲಾಗೂ ಆಸೆಯಿತ್ತು. ಮತ್ತೆ ಬೆಳಿಗ್ಗೆ ಏಳುವುದಕ್ಕೊಂದು ಕಾರಣ ಸಿಗುತ್ತದೆ, ತುಳಸಿ ಕೊಯ್ದರೆ ಇಡುವುದಕ್ಕೊಂದು ಜಾಗ ಸಿಗುತ್ತದೆ. ಆದರೆ ಕೈಯಲ್ಲಿ ಹಿಡಿದಾಗ ಏನೂ ಆಗಲಿಲ್ಲವಲ್ಲ, ಅದನ್ನು ಹೇಗೆ ಮುಚ್ಚಿಡುವುದು?

"ಇವನಿಗೆ ನಾನು ಅಡುಗೆಯವಳು ಮಧು. ಒಳ್ಳೇ ಅಡುಗೆಯವಳು. ಇವನ ಮೇಲೆ ಅಕ್ಕರೆ ಇದೆ, ಹಸಿದಿದಾನೆ ಅಂದ್ರೆ ಹೊಟ್ಟೆ ಉರಿಯತ್ತೆ. ಆದ್ರೆ ಕಷ್ಟ ಬಂದಾಗ ನಾನು ಇವನನ್ನ ಕರೆದಿಲ್ಲ. ಕರೆದಿದ್ದು ನಿಮ್ಮಣ್ಣ." ಅವಳು ತಟ್ಟೆ ಎತ್ತಿದಳು. "ಮಠಕ್ಕೆ ಕೊಟ್ಬಿಡೋಣ. ದಿನಾ ಊಟ ಸಿಗೋ ಕಡೆ ಇರ್ಲಿ."

"ಅಪ್ಪ, ತಾತ ಎಲ್ಲ ಪೂಜೆ ಮಾಡಿದ್ದು ಅತ್ತಿಗೆ..."

"ಅದಕ್ಕೇ ಬೀರು ಮೇಲೆ ಇರಬಾರದು."

ಆಟೋದಲ್ಲಿ ಪೆಟ್ಟಿಗೆ ಯಾರು ಹಿಡಿದುಕೊಳ್ಳುವುದು ಅನ್ನುವುದೇ ಒಂದು ರಗಳೆಯಾಯಿತು. ಮಧು ಮತ್ತೆ ಪ್ಯಾಂಟು ಹಾಕಿಕೊಂಡಿದ್ದ, ಅವಳು ಹೆಂಗಸು. ಕೊನೆಗೆ ಕೋಕಿಲಾಳೇ ಮಡಿಲಲ್ಲಿಟ್ಟುಕೊಂಡಳು. ಆಟೋ ಗುಂಡಿಗೆ ಇಳಿದಾಗಲೆಲ್ಲ ಎರಡೂ ಕೈಯಿಂದ ಅವುಚಿ ಹಿಡಿದಳು. ಮಠದಲ್ಲಿ ವಯಸ್ಸಾದ ಅರ್ಚಕರೊಬ್ಬರು ಏನೂ ಕೇಳದೆ ಪೆಟ್ಟಿಗೆ ತೆಗೆದುಕೊಂಡು, ಕಲ್ಲುಗಳನ್ನು ಅಲ್ಲಿದ್ದ ಬೇರೆ ಸಾಲಿಗ್ರಾಮಗಳ ಜೊತೆ ದೊಡ್ಡ ತಟ್ಟೆಯಲ್ಲಿ ಇಟ್ಟು ಅಭಿಷೇಕಕ್ಕೆ ಶುರುಮಾಡಿದರು. ನೀರು ಬಿದ್ದ ಮೇಲೆ ಎಲ್ಲವೂ ಒಂದೇ ಥರ ಹೊಳೆದವು. ತಮ್ಮದು ಯಾವುದು ಅಂತ ಕೋಕಿಲಾಗೆ ಗುರುತು ಸಿಗಲಿಲ್ಲ. ಆಗ ಅಳು ಬಂತು. ಪಕ್ಕದಲ್ಲಿ ಮಧು ಆಗಲೇ ಕರವಸ್ತ್ರ ತೆಗೆದಿದ್ದ.

ಮಂಗಳವಾರ ಅವಳು ಗುಡಿಗೆ ಹೋದಾಗ ಪಿಳ್ಳಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡಳು. "ಎಲ್ಲೋಗಿದ್ರಿ? ಅಂಬಲಿ ತಿರುವಕ್ಕೆ ಜನ ಇಲ್ದೆ ತಳ ಹೊತ್ತೋಯ್ತು."

"ಹಬ್ಬದ ದಿನ ರಕ್ತ ನೋಡಿ ಹೆದರ್ಕೊಂಡೆ ಪಿಳ್ಳಮ್ಮ."

"ನಂಗೂ ಆಗಾಕಿಲ್ಲ. ಅದಕ್ಕೇ ಅವತ್ತು ನಾನು ಗುಡಿ ಬಿಟ್ಟು ಈಚೆ ಬರಾಕಿಲ್ಲ."

"ಅಮ್ಮನಿಗೆ ಅದು ನಿಜವಾಗ್ಲೂ ಬೇಕಾ?"

"ನಂಗೇನ್ ಗೊತ್ತು? ನನ್ ಕೇಳಿದ್ರೆ?" ಪಿಳ್ಳಮ್ಮ ಸೌಟು ಚಾಚಿದಳು. "ಹಿಡೀರಿ."

ಕೋಕಿಲಾ ಹಿಡಿದಳು. ಹುಂಜದ ಕೆಂಪುನೀರು ಇನ್ನೂ ಕಣ್ಣ ಮುಂದಿತ್ತು. ಅಂಬಲಿ ತಿರುವುತ್ತಲೇ ಬೆಳ್ಳಿ ಕಣ್ಣುಗಳನ್ನು ನೋಡಿದಳು. ಅವಳಿಗೆ ಸಿಟ್ಟಿತ್ತು, ಭಯವಿತ್ತು, ಕೇಳಬೇಕಾದ್ದು ಬೇಕಾದಷ್ಟಿತ್ತು. ಸಾಲಿಗ್ರಾಮ ಹಿಡಿದಾಗ ಇದ್ಯಾವುದೂ ಆಗಿರಲಿಲ್ಲ. ಇವಳ ಜೊತೆ ಜಗಳವಾದರೂ ಆಡಬಹುದು ಅನಿಸಿತು. ಮನೆಗೆ ಬಂದು ಕಳಸದ ನೀರು ಬದಲಾಯಿಸಿ, ಹೊಸ ಬೇವಿನ ಸೊಪ್ಪು ಸಿಕ್ಕಿಸಿದಳು. ಪರದೆ ಎಳೆಯಲಿಲ್ಲ.

ಹಾಗಂತ ಎಲ್ಲ ನೆಟ್ಟಗಾಯಿತು ಅಂತಲ್ಲ. ಏಕಾದಶಿ ಬಂದರೆ ಇವತ್ತಿಗೂ ಅವಳು ಅಕ್ಕಿ ಮುಟ್ಟುವುದಿಲ್ಲ, ಕೈ ಹೋಗುವುದಿಲ್ಲ. ಆಗಾಗ ಮಠಕ್ಕೆ ಹೋಗಿ ದೂರದಿಂದ ಆ ತಟ್ಟೆಯ ಕಡೆ ಇಣುಕಿ, ನೈವೇದ್ಯವಾಯಿತೇ ಅಂತ ನೋಡಿಕೊಂಡು ಬರುತ್ತಾಳೆ. ಗುಡಿಯ ಹಬ್ಬದ ದಿನ ಚಾಮರಾಜಪೇಟೆಯ ಕಡೆ ತಲೆ ಹಾಕುವುದಿಲ್ಲ. ಬಂಧುಗಳಲ್ಲಿ ಕೆಲವರು ಅವಳ ಮನೆಯಲ್ಲಿ ನೀರು ಕುಡಿಯುವುದನ್ನು ಬಿಟ್ಟರು. ಮಧು ಮಾತ್ರ ಬಂದಾಗ ಕಾಫಿ ಕೇಳಿ ಕುಡಿಯುತ್ತಾನೆ, ದೇವರ ಮನೆಯ ಕಡೆ ನೋಡುವುದಿಲ್ಲ.

ಹೋದ ನವರಾತ್ರಿಯಲ್ಲಿ ಧೃತಿಯ ಮನೆಗೆ ಬೊಂಬೆ ನೋಡಲು ಬಂದಿದ್ದ ಹಿರಿಯ ಹೆಂಗಸೊಬ್ಬರು ಕೋಸಂಬರಿ ತಿನ್ನುತ್ತಾ, "ನಿಮ್ಮ ಮನೆದೇವರು ಯಾವುದು?" ಅಂತ ಕೋಕಿಲಾಳನ್ನು ವಿಚಾರಿಸಿದರು. ಧೃತಿ ಕಾಫಿ ತಟ್ಟೆ ಹಿಡಿದು ಅಲ್ಲೇ ನಿಂತಳು.

"ಸದ್ಯಕ್ಕೆ ಮಾರಮ್ಮ" ಅಂದಳು ಕೋಕಿಲಾ.

ಕೋಸಂಬರಿಯ ಚಮಚ ಆ ಹೆಂಗಸಿನ ಬಾಯಿಯ ಹತ್ತಿರ ನಿಂತುಬಿಟ್ಟಿತು. ಕೋಕಿಲಾ ಕಾಫಿ ಕುಡಿದಳು, ತಾಂಬೂಲ ತೆಗೆದುಕೊಂಡಳು, ಸಾಲುಬೊಂಬೆಗಳಿಗೆಲ್ಲ ಒಟ್ಟಿಗೆ ಒಂದು ನಮಸ್ಕಾರ ಹಾಕಿದಳು. ಮೆಟ್ಟಿಲಿಳಿಯುವಾಗ ಧೃತಿ ಹಿಂದೆಯೇ ಓಡಿಬಂದಳು.

"ಅಮ್ಮಾ, ಸದ್ಯಕ್ಕೆ ಅಂದ್ರೆ ಏನು? ಆಮೇಲೆ ಬೇರೆ ಯಾರಾದ್ರೂ ಬರ್ತಾರಾ?"

"ನನಗೇನೇ ಗೊತ್ತು" ಅಂದು ಕೋಕಿಲಾ ಗೇಟು ತೆಗೆದು, ಬಸ್ ಸ್ಟಾಪಿನ ಕಡೆ ದಾಪುಗಾಲು ಹಾಕಿದಳು.